ಮೊಹಾಚಿನಲ್ಲಿ ಮಡಿದ ದೊರೆ

ಕೈತಪ್ಪಿ ಬಟ್ಟಲು ಒಡೆದರೆ, ದಾರಿಯಲ್ಲಿ ಹಣ ಕಳೆದರೆ, ಹಂಗೇರಿಯ ಜನರು ನೊಂದವನಿಗೆ ಹೇಳುವ ಸಮಾಧಾನದ ಮಾತೊಂದುಂಟು: ತೊಬ್ ಇಶ್ ವೆಸ್ಸೆತ್ ಮೊಹಾಚ್‌ನಾಲ್. ಮೊಹಾಚಿನಲ್ಲಿ ಇದಕ್ಕಿಂತ ಹೆಚ್ಚು ಹೋಯಿತೆಂದು ಇದರ ಅರ್ಥ. ಅಲ್ಲಿ ಹೋದುದೇನೆಂಬುದನ್ನು ಎರಡನೆಯ ಲಾಯೋಶ್ ದೊರೆಯ ಬಾಳೇ ತಿಳಿಸುತ್ತದೆ.

ಆತನು 1506ರಲ್ಲಿ ಬುಡಾ ನಗರದಲ್ಲಿ ಹುಟ್ಟಿದನು. ಎರಡು ವರ್ಷ ತುಂಬುವ ಮೊದಲೇ ಅವನಿಗೆ ಕಿರೀಟಧಾರಣೆಯಾಯಿತು. 1516ರಲ್ಲಿ ತಂದೆ ತೀರಿಕೊಂಡಾಗ, ಇನ್ನೂ ಹತ್ತು ತುಂಬದ ಬಾಲಕನ ಮೇಲೆ ರಾಜ್ಯಭಾರ ಬಿದ್ದಿತು. ಬೊಕ್ಕಸ ಬರಿದು, ಸರದಾರರಲ್ಲಿ ಒಳಜಗಳ. 1521ರಲ್ಲಿ ತುರ್ಕಿಯ ಸುಲ್ತಾನ ಸುಲೇಮಾನನು ಗಡಿಯ ಬೆಲ್‌ಗ್ರೇಡ್ ಕೋಟೆಯನ್ನು ಗೆದ್ದುಕೊಂಡನು.

1526ರ ಆಗಸ್ಟ್ 29ರಂದು ಮೊಹಾಚಿನ ಬಯಲಿನಲ್ಲಿ ಯುದ್ಧ ನಡೆಯಿತು. ಕೆಲವೇ ಗಂಟೆಗಳಲ್ಲಿ ಹಂಗೇರಿಯ ಸೇನೆ ನಾಶವಾಯಿತು. ಏಳು ಮಂದಿ ಬಿಷಪ್ಪರು ರಣದಲ್ಲಿ ಬಿದ್ದರು. ಹಿಮ್ಮೆಟ್ಟುತ್ತಿದ್ದ ದೊರೆ ಚೆಲೆ ಎಂಬ ಹಳ್ಳದಲ್ಲಿ ಮುಳುಗಿ ಸತ್ತನು. ಆಗ ಅವನಿಗೆ ಇಪ್ಪತ್ತೇ ವರ್ಷ, ಮಕ್ಕಳಿರಲಿಲ್ಲ. 1541ರಲ್ಲಿ ಬುಡಾ ನಗರವೂ ಸುಲ್ತಾನನ ವಶವಾಗಿ, ನಾಡು ಮೂರು ಪಾಲಾಯಿತು.

ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತೆನ್ನುವಾಗ ನಾವು ತಪ್ಪಿಹೋದ ಕೇಡನ್ನು ನೆನೆಯುತ್ತೇವೆ. ಹಂಗೇರಿಯವರು ಬಂದೇ ಹೋದ ಕೇಡನ್ನು ನೆನೆಯುತ್ತಾರೆ. ಆದುದರಿಂದ ಆ ಮಾತು ಸಣ್ಣ ನಷ್ಟಕ್ಕೆ ಮಾತ್ರ ಒಪ್ಪುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಅದನ್ನು ಆಡಬಾರದು. ಅವಳ ಪಾಲಿಗೆ ಅದೇ ಮೊಹಾಚು. ದೊರೆ ಹೋದನು, ರಾಜ್ಯ ಒಡೆಯಿತು. ಆದರೂ ಆ ಮಾತನ್ನಾಡುವ ಜನ ಉಳಿದರು. ಆ ಸಮಾಧಾನದ ಬಲವಿರುವುದು ಇಲ್ಲಿಯೇ.