ದೊಡ್ಡಸ್ವಾಮಿ ಅಬ್ಬೆ ದುಬ್ವಾ: ಫಲ ಕಾಣದೆ ಬಿತ್ತಿದ ಗುರು

ಶ್ರೀರಂಗಪಟ್ಟಣದಿಂದ ಉತ್ತರಾಭಿಮುಖವಾಗಿ ಹೊರಟು, ಪಾಂಡವಪುರವನ್ನು ಹಾದು ತೊಣ್ಣೂರಿನ ಕೆರೆಯ ಏರಿಯ ಮೇಲೆ ನಿಂತವರಿಗೆ ಒಂದು ವಿಚಾರ ಹೊಳೆಯದೆ ಇರದು. ಬೆಟ್ಟಗಳ ನಡುವೆ ಏರಿ ಕಟ್ಟಿ ನೀರನ್ನು ತಡೆದು ನಿಲ್ಲಿಸಿದ ಕೈಗಳು ಯಾರವೋ, ಆ ನೀರಿನಿಂದ ಬೆಳೆದ ಅನ್ನವನ್ನು ಉಂಡ ತಲೆಮಾರುಗಳು ಯಾರವೋ. ಶ್ರೀ ರಾಮಾನುಜಾಚಾರ್ಯರ ನೆನಪನ್ನು ಹೊತ್ತು ನಿಂತಿರುವ ಈ ಪುರಾತನ ಊರಿನ ಕೆರೆಯನ್ನು ಮುಂದೆ ಮೋತಿ ತಲಾಬ್ ಎಂದು ಕರೆದರು. ಅರಸರು ಬದಲಾದರು, ಹೆಸರುಗಳು ಬದಲಾದವು. ನೀರು ಮಾತ್ರ ಹೊಲಗದ್ದೆಗಳಿಗೆ ಹರಿಯುತ್ತಲೇ ಬಂದಿತು.

ನಡುದಾರಿಯಲ್ಲಿ ಸಿಗುವ ಪಾಂಡವಪುರಕ್ಕೂ ಹಿಂದೆ ಬೇರೆ ಹೆಸರುಗಳಿದ್ದವು. ಹಿರೋಡೆ ಎಂಬುದು ಒಂದು. ಫ್ರೆಂಚ್ ರಾಕ್ಸ್ ಎಂಬುದು ಮತ್ತೊಂದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಪಾಳೆಯ ಬಿಟ್ಟಿದ್ದುದರಿಂದ ಆ ಹೆಸರು ಬಂದಿತು. ಆದರೆ ಈ ಸೀಮೆಗೆ ಬಂದ ಫ್ರೆಂಚರೆಲ್ಲರೂ ಬಂದೂಕು ಹಿಡಿದು ಬಂದವರಲ್ಲ. ಒಬ್ಬರು ಜಪಮಾಲೆಯನ್ನು ಹಿಡಿದು ಬಂದರು. ಲೋಕವು ಅವರನ್ನು ಅಬ್ಬೆ ದುಬ್ವಾ ಎಂದು ಬಲ್ಲದು. ಮೈಸೂರು ಸೀಮೆಯ ಜನ ಅವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಯವರು ಎಂದು ಕರೆದರು.

ಶತಮಾನೋತ್ಸವವೆಂದರೆ ಲೆಕ್ಕ ಹಾಕುವ ಸಮಯ. ಎಷ್ಟು ಜ್ಞಾನಸ್ನಾನಗಳು, ಎಷ್ಟು ವಿವಾಹಗಳು, ಎಷ್ಟು ಕಟ್ಟಡಗಳು ಎಂದು ನಾವು ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ನೋಡುತ್ತೇವೆ. ಅದು ತಪ್ಪಲ್ಲ. ಆದರೆ ದೊಡ್ಡಸ್ವಾಮಿಯವರೂ ತಮ್ಮ ಬಾಳಿನ ಲೆಕ್ಕವನ್ನು ಹಾಕಿದವರೇ; ಆ ಲೆಕ್ಕ ಅವರಿಗೆ ಸಂತೋಷವನ್ನಲ್ಲ, ದುಃಖವನ್ನು ತಂದಿತು. ಆದುದರಿಂದಲೇ ಇಂದು ಅವರ ಜೀವನವನ್ನು ಪವಿತ್ರ ಬೈಬಲಿನ ಕೆಲವರ ಜೀವನದೊಡನೆ ಇಟ್ಟು ನೋಡುವುದು ನಮಗೆ ಹಿತವೆಂದು ಭಾವಿಸುತ್ತೇನೆ.

ಜಾನ್ ಅಂತ್ವಾನ್ ದುಬ್ವಾರವರು 1765ರ ಸುಮಾರಿನಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೆಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. 1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅದು ಫ್ರಾನ್ಸಿನ ಧರ್ಮಸಭೆಗೆ ಅಗ್ನಿಪರೀಕ್ಷೆಯ ಕಾಲ. ಕ್ರಾಂತಿಯ ಸರ್ಕಾರವು ತಾನು ವಿಧಿಸಿದ ಪ್ರಮಾಣವಚನವನ್ನು ಸ್ವೀಕರಿಸಲೊಲ್ಲದ ಗುರುಗಳನ್ನು ಬೇಟೆಯಾಡುತ್ತಿತ್ತು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಪ್ಯಾರಿಸ್ ನಗರದ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳು ಹತರಾದರು. ಅಷ್ಟರೊಳಗೆ ಪ್ಯಾರಿಸ್ ವಿದೇಶೀ ಪ್ರೇಷಿತ ಸಂಸ್ಥೆಯನ್ನು ಸೇರಿದ್ದ ಈ ಯುವಗುರು ಭಾರತದ ಕಡೆಗೆ ಹಡಗು ಹತ್ತಿದ್ದರು.

ಪಿತಾಮಹ ಅಬ್ರಹಾಮನು ಊರ್ ಎಂಬ ತನ್ನ ಪಟ್ಟಣವನ್ನು ಬಿಟ್ಟವನು. ಬಳಿಕ ಹಾರಾನಿನಲ್ಲಿ ದೇವರು ಅವನನ್ನು ಕರೆದಾಗ ತಂದೆಯ ಮನೆಯನ್ನೂ ಬಂಧುಬಳಗವನ್ನೂ ಬಿಟ್ಟು ಹೊರಟನು. ಎಲ್ಲಿಗೆಂದು ಅವನಿಗೆ ತಿಳಿದಿರಲಿಲ್ಲ. ಕರೆದವನು ಯಾರೆಂಬುದಷ್ಟೇ ತಿಳಿದಿತ್ತು. ವಾಗ್ದಾನವಾದ ನಾಡಿನಲ್ಲಿ ಅವನು ಕೊನೆಯವರೆಗೂ ಗುಡಾರದಲ್ಲಿಯೇ ವಾಸಿಸಿದನು. ಆ ನಾಡಿನಲ್ಲಿ ಅವನು ಕ್ರಯಕ್ಕೆ ಕೊಂಡ ಭೂಮಿಯೆಂದರೆ, ಪತ್ನಿ ಸಾರಳನ್ನು ಸಮಾಧಿ ಮಾಡಲು ಹೆಬ್ರೋನಿನ ಬಳಿ ಪಡೆದ ಗವಿ ಮತ್ತು ಹೊಲ. ಆಕಾಶದ ನಕ್ಷತ್ರಗಳಷ್ಟು ಸಂತತಿಯ ಮಾತನ್ನು ನಂಬಿದವನ ಕೈಯಲ್ಲಿ ಕಡೆಗೆ ಉಳಿದುದು ಒಂದು ಸಮಾಧಿ ಸ್ಥಳ. ಆದರೂ ವಿಶ್ವಾಸಿಗಳೆಲ್ಲರ ತಂದೆ ಎಂಬ ಬಿರುದು ಅವನಿಗೇ ಸಂದಿತು.

ದುಬ್ವಾ ಸ್ವಾಮಿಗಳು ಪುದುಚೇರಿಗೆ ಬಂದು, ಕೆಲವು ವರ್ಷ ತಮಿಳು ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಈ ದೇಶದವರಂತೆ ಉದ್ದನೆಯ ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಗಡ್ಡ ಬಿಟ್ಟು, ಮಾಂಸಾಹಾರವನ್ನು ತ್ಯಜಿಸಿ, ಜನರ ಭಾಷೆಯಲ್ಲಿಯೇ ಮಾತನಾಡುತ್ತ ಅವರ ನಡುವೆ ಬಾಳಿದರು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದರು. ಈ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸದ ಬೀಜ ಅದಕ್ಕೂ ನೂರೈವತ್ತು ವರ್ಷ ಹಿಂದೆಯೇ, ಯೇಸು ಸಭೆಯ ಗುರುಗಳಿಂದ ಬಿದ್ದಿತ್ತು. ಆದರೆ 1773ರಲ್ಲಿ ಯೇಸು ಸಭೆಯೇ ವಿಸರ್ಜಿತವಾಗಿ ಗುರುಗಳ ಸಂಖ್ಯೆ ಕ್ಷೀಣಿಸಿತ್ತು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಕೆನರಾ ಕರಾವಳಿಯ ಸಾವಿರಾರು ಕಥೋಲಿಕರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ತರಲಾಗಿತ್ತು. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತಕ್ಕೆ ಮಣಿದು ಧರ್ಮವನ್ನು ಬಿಟ್ಟವರು ಬಹುಮಂದಿ. ಹಳೆಯ ಗಾಯವನ್ನು ಕೆದಕುವುದು ಈ ಬರಹದ ಉದ್ದೇಶವಲ್ಲ. ಹದಿನೈದು ವರ್ಷಗಳ ಬಳಿಕ ಬಾಗಿಲು ತೆರೆದಾಗ, ಬಹುಪಾಲು ಕರಾವಳಿಯವರು ತಮ್ಮ ಊರುಗಳಿಗೆ ಹಿಂದಿರುಗಿದರು. ಈ ಸೀಮೆಯ ಕ್ರೈಸ್ತರಲ್ಲಿ ವಿಶ್ವಾಸವನ್ನು ತ್ಯಜಿಸಿದ್ದವರ ಎದೆಯಲ್ಲಿ ಮಾತ್ರ ಒಂದು ಪ್ರಶ್ನೆ ಉಳಿಯಿತು. ನಮ್ಮನ್ನು ಇನ್ನು ಯಾರು ಸೇರಿಸಿಕೊಂಡಾರು?

ಆ ಹೊತ್ತಿನಲ್ಲಿ ದುಬ್ವಾ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದರು. ಮುಂದೆ ವಾಟರ್ಲೂ ಕದನದಿಂದ ಪ್ರಖ್ಯಾತರಾದ ಆರ್ಥರ್ ವೆಲ್ಲೆಸ್ಲಿಯವರು ಆಗ ಅಲ್ಲಿನ ಅಧಿಕಾರಿಯಾಗಿದ್ದರು; ಅವರ ಆಹ್ವಾನದ ಮೇರೆಗೆ ಸ್ವಾಮಿಗಳು ಬಂದರೆಂದು ಹೇಳುತ್ತಾರೆ. ಚದುರಿಹೋದ ಮಂದೆಯನ್ನು ಅವರು ಊರೂರು ಅಲೆದು ಕೂಡಿಸಿದರು. ಬಿದ್ದವರನ್ನು ಹೀಯಾಳಿಸದೆ ಪಾಪನಿವೇದನೆಗೆ ಕರೆದು ಧರ್ಮಸಭೆಗೆ ಮರಳಿ ಸೇರಿಸಿಕೊಂಡರು. ಗಂಜಾಮಿನಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸಲ್ಪಡುವ ದೇವಾಲಯವು ಆ ದಿನಗಳ ಸಾಕ್ಷಿಯಾಗಿದೆ.

ಇಲ್ಲಿ ಸಂತ ಪೇತ್ರರ ನೆನಪಾಗುತ್ತದೆ. ಅವರು ಹೆದರಿದ್ದು ಅರಸನ ಖಡ್ಗಕ್ಕೂ ಅಲ್ಲ. ಬೆಂಕಿ ಕಾಯಿಸುತ್ತಿದ್ದವರ ನಡುವೆ ಒಬ್ಬ ದಾಸಿ ಕೇಳಿದ ಮಾತಿಗೆ. ಮೂರು ಸಲ ತಮ್ಮ ಗುರುವನ್ನು ಅರಿಯೆನೆಂದರು. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಪ್ರಭುವು ಆ ಮೂರು ನಿರಾಕರಣೆಗಳ ವಿಚಾರಣೆ ನಡೆಸಲಿಲ್ಲ. ಕೆಂಡದ ಮೇಲೆ ಮೀನು ಸುಟ್ಟು ಬಡಿಸಿದರು. ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿದರು. ಬಿದ್ದವನ ಕೈಗೇ ಮಂದೆಯನ್ನು ಒಪ್ಪಿಸಿದರು. ದೇವರಲ್ಲಿ ಭರವಸೆಯಿಡುವುದೆಂದರೆ ನಾವು ಎಂದೂ ಬೀಳೆವೆಂಬ ಧೈರ್ಯವಲ್ಲ. ಬಿದ್ದ ಮೇಲೂ ಅವರು ದಡದಲ್ಲಿ ಕಾದಿರುವರೆಂಬ ನೆಚ್ಚಿಕೆ. ಈ ಸೀಮೆಯ ಹಳೆಯ ಕ್ರೈಸ್ತ ಮನೆತನಗಳಲ್ಲಿ ಹಾಗೆ ಮರಳಿ ಬಂದವರ ವಂಶದವರೂ ಇರಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಯುದ್ಧದ ಬಳಿಕ ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣದಲ್ಲಿ ವಿಷಮಜ್ವರ ಹೆಚ್ಚಿತು. ಅಲ್ಲಿದ್ದ ಇಂಗ್ಲಿಷ್ ದಂಡೂ ಕಾಲಕ್ರಮದಲ್ಲಿ ಬೆಂಗಳೂರಿಗೆ ತೆರಳಿತು. ಬಡಜನರಿಗೆ ಉಪದೇಶದೊಡನೆ ಅನ್ನವೂ ಬೇಕೆಂಬುದನ್ನು ದೊಡ್ಡಸ್ವಾಮಿಯವರು ಬಲ್ಲವರಾಗಿದ್ದರು. ಹಾಸನದ ಸೀಮೆಯಲ್ಲಿ ಕ್ರೈಸ್ತ ಬೇಸಾಯಗಾರರ ಊರುಗಳನ್ನು ನೆಲೆಗೊಳಿಸಿ, ಜನರನ್ನು ಉತ್ತು ಬಿತ್ತುವ ಕಸುಬಿನಲ್ಲಿ ನಿಲ್ಲಿಸಿದರು. ಜೆನ್ನರ್ ಮಹಾಶಯರು ಕಂಡುಹಿಡಿದ ಸಿಡುಬಿನ ಲಸಿಕೆ 1802ರಲ್ಲಿ ಭಾರತವನ್ನು ತಲುಪಿತು. ಹೊಸ ಔಷಧವೆಂದರೆ ಜನ ಅಂಜಿ ಮನೆಯೊಳಗೆ ಸೇರುವ ಆ ದಿನಗಳಲ್ಲಿ, ಸ್ವಾಮಿಗಳು ಜಾತಿಮತಗಳ ಭೇದವೆಣಿಸದೆ ಜನರ ಮನವೊಲಿಸಿ ಸಾವಿರಾರು ಮಂದಿಗೆ ದೇವಿ ಹಾಕಿಸಲು ಶ್ರಮಿಸಿದರು.

ಪ್ರವಾದಿ ಯೆರೆಮೀಯನು ಇಂಥದೇ ಕಾಲದಲ್ಲಿ ಬದುಕಿದ್ದನು. ಬಾಬಿಲೋನಿನ ಸೈನ್ಯ ಜೆರುಸಲೇಮಿಗೆ ಮುತ್ತಿಗೆ ಹಾಕಿತ್ತು, ಆತನೇ ಸೆರೆಯಲ್ಲಿದ್ದನು, ನಗರ ಬೀಳುವುದೆಂದು ಸಾರಿದವನೂ ಆತನೇ. ಆದರೂ ದೇವರ ಮಾತಿನಂತೆ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡನು. ಕ್ರಯಪತ್ರವನ್ನು ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇರಿಸಿದನು. ಶತ್ರುಗಳ ಕಾಲಡಿಯಲ್ಲಿದ್ದ ಹೊಲವನ್ನು ಹಣ ಕೊಟ್ಟು ಕೊಂಡವನನ್ನು ಲೋಕ ಮರುಳನೆಂದಿರಬೇಕು. ಆ ನೆಲದಲ್ಲಿ ಜನ ಮತ್ತೆ ಮನೆ ಕಟ್ಟುವರು, ದ್ರಾಕ್ಷಿ ಬೆಳೆಯುವರು ಎಂಬ ದೇವರ ಮಾತನ್ನು ಆತನು ನಂಬಿದ್ದನು. ಯುದ್ಧದಿಂದ ಬೆಂದ ನಾಡಿನಲ್ಲಿ ನೇಗಿಲಿನ ಊರುಗಳನ್ನು ನಿಲ್ಲಿಸಿದ ದುಬ್ವಾ ಸ್ವಾಮಿಗಳ ಕೆಲಸವೂ ಅಂಥದೇ ಭರವಸೆಯ ಕ್ರಯಪತ್ರ.

ಜನರ ನಡುವೆ ಬಾಳಿದ ಅನುಭವದಿಂದ ಅವರು ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿದರು. ಮದರಾಸಿನ ಕಂಪನಿ ಸರ್ಕಾರವು 2,000 ಸ್ಟಾರ್ ಪಗೋಡಗಳಿಗೆ ಅದರ ಹಸ್ತಪ್ರತಿಯನ್ನು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಗಿ ಅವರ ಹೆಸರನ್ನು ಎಲ್ಲೆಡೆ ಹರಡಿತು. ಸತ್ಯವನ್ನು ಮರೆಮಾಚಬಾರದು. ಆ ಗ್ರಂಥದ ಬಹುಭಾಗವು ಅವರಿಗಿಂತ ಹಿಂದಿನ ಯೇಸು ಸಭೆಯ ಗುರು ಕರ್ದೂ ಅವರ ಬರಹವನ್ನು ಆಧರಿಸಿದುದೆಂದು ವಿದ್ವಾಂಸರು 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಅದರಲ್ಲಿ ನಮ್ಮ ಹಿಂದೂ ಸೋದರರ ಮನಸ್ಸನ್ನು ನೋಯಿಸುವ ಕಟುವಾದ ತೀರ್ಪುಗಳೂ ಇವೆ. ದೊಡ್ಡಸ್ವಾಮಿಯವರು ದೋಷರಹಿತರಾಗಿರಲಿಲ್ಲ, ನಾವು ಅವರನ್ನು ನೆನೆಯುವುದು ಆ ಕಾರಣಕ್ಕಾಗಿಯೂ ಅಲ್ಲ.

1823ರಲ್ಲಿ ಅವರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ಹೊರಟರು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಗತಿಯನ್ನು ಕುರಿತ ಅವರ ಪತ್ರಗಳು ಪ್ರಕಟವಾದವು. ಮೂವತ್ತು ವರ್ಷಗಳ ಸೇವೆಯ ಬಳಿಕ ಅವರು ಬರೆದುದು ವಿಜಯದ ವರದಿಯಲ್ಲ, ಸೋಲಿನ ಒಪ್ಪಿಗೆ. ಈ ನಾಡಿನ ಜನರಲ್ಲಿ ಧರ್ಮಪ್ರಚಾರ ಫಲಿಸುವ ಆಸೆ ತಮಗೆ ಉಳಿದಿಲ್ಲವೆಂದೂ, ತಮ್ಮ ಕೈಯಿಂದ ಜ್ಞಾನಸ್ನಾನ ಹೊಂದಿದವರು ಕೆಲವೇ ಮಂದಿಯೆಂದೂ, ಅವರಲ್ಲಿಯೂ ಗಟ್ಟಿಯಾಗಿ ನಿಂತವರು ವಿರಳವೆಂದೂ ತಿಳಿಸಿದರು. ಇತರ ಸಭೆಗಳ ಬೋಧಕರು ಸಿಟ್ಟಾದರು; 1824ರಲ್ಲಿಯೇ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬವರು ಅವರಿಗೆ ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

ಹಾಗಾದರೆ ಇವರನ್ನು ವಿಶ್ವಾಸದ ಆದರ್ಶವೆಂದು ಹೇಳುವುದು ಹೇಗೆ? ಈ ಪ್ರಶ್ನೆಯನ್ನು ನಾನು ಬಹುಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಪ್ರಸಂಗ ಪೀಠದಿಂದ ಇಳಿದು ಬಂದ ಮೇಲೆ, ತನ್ನ ಮಾತು ಯಾರ ಎದೆಗಾದರೂ ಇಳಿಯಿತೇ ಎಂದು ಒಮ್ಮೆಯೂ ಕೇಳಿಕೊಳ್ಳದ ಗುರು ಇರಲಾರನು. ಮಕ್ಕಳಿಗೆ ಜಪ ಕಲಿಸಿ, ಆ ಮಕ್ಕಳು ದೇವಾಲಯದ ದಾರಿಯನ್ನೇ ಮರೆತುದನ್ನು ಕಂಡ ತಾಯಿಗೂ ಈ ಪ್ರಶ್ನೆ ಹೊಸದಲ್ಲ.

ಉತ್ತರ ನನಗೆ ದೊರೆತುದು ಪ್ರವಾದಿ ಎಲೀಯನ ಕಥೆಯಲ್ಲಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿಯನ್ನು ಇಳಿಸಿದ ಆ ಧೀರನು, ಕೆಲವೇ ದಿನಗಳಲ್ಲಿ ಮರುಭೂಮಿಯ ಒಂದು ಗಿಡದ ಕೆಳಗೆ ಕುಳಿತು ತನಗೆ ಸಾವನ್ನು ಬೇಡಿದನು. ತಾನೊಬ್ಬನೇ ಉಳಿದೆನೆಂದು ದೂರಿದನು. ದೇವರು ಅವನನ್ನು ಗದರಿಸಲಿಲ್ಲ. ಮೊದಲು ರೊಟ್ಟಿಯನ್ನೂ ನೀರನ್ನೂ ಕೊಟ್ಟರು, ನಿದ್ರೆ ಮಾಡಗೊಟ್ಟರು. ನಂತರ ಹೋರೇಬಿನಲ್ಲಿ, ಬಿರುಗಾಳಿ ಭೂಕಂಪ ಬೆಂಕಿಗಳು ಹಾದುಹೋದ ಮೇಲೆ, ಮೆಲ್ಲನೆಯ ದನಿಯಲ್ಲಿ ಮಾತನಾಡಿದರು. ಬಾಳನಿಗೆ ಮೊಣಕಾಲೂರದ 7,000 ಮಂದಿ ಇಸ್ರಯೇಲಿನಲ್ಲಿ ಇದ್ದಾರೆಂದು ತಿಳಿಸಿದರು; ಎಲೀಷನನ್ನು ತನ್ನ ಸ್ಥಾನಕ್ಕೆ ಅಭಿಷೇಕಿಸಲು ಕಳುಹಿಸಿದರು. ಎಲೀಯನ ಎಣಿಕೆಯಲ್ಲಿ ಒಬ್ಬ. ದೇವರ ಎಣಿಕೆಯಲ್ಲಿ ಏಳು ಸಾವಿರ. ಪ್ರವಾದಿಯ ಪ್ರಾಮಾಣಿಕತೆ ಸುಳ್ಳಲ್ಲ. ಅವನ ಲೆಕ್ಕ ಮಾತ್ರ ಅಪೂರ್ಣ.

ದೊಡ್ಡಸ್ವಾಮಿಯವರೂ ನಿರಾಶರಾದರು, ಆದರೆ ಗುರುತ್ವವನ್ನು ತೊರೆದವರಲ್ಲ. ಪ್ಯಾರಿಸಿನ ತಮ್ಮ ಸಂಸ್ಥೆಯ ಗುರುಮಠಕ್ಕೆ ಹಿಂದಿರುಗಿ, ಅಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಶ್ರೇಷ್ಠಾಧಿಕಾರಿಯಾಗಿ, ಪೂರ್ವದೇಶಗಳಿಗೆ ಹೊರಡುವ ಕಿರಿಯ ಗುರುಗಳನ್ನು ಸಿದ್ಧಗೊಳಿಸಿದರು. ನಮ್ಮ ಪಂಚತಂತ್ರದ ಕಥೆಗಳನ್ನು 1826ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಫಲ ಸಿಗದೆಂದು ಬರೆದ ಕೈಯೇ ಹೊಸ ಬಿತ್ತನೆಗೆ ಬೀಜವನ್ನು ಆರಿಸುತ್ತಿತ್ತು. 1848ರ ಫೆಬ್ರವರಿ 17ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ಎರಡೇ ವರ್ಷಗಳ ನಂತರ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಗಿ ತನ್ನದೇ ಮೇತ್ರಾಣಿಯನ್ನು ಪಡೆಯಿತು. 1886ರಲ್ಲಿ ಅದು ಧರ್ಮಪ್ರಾಂತ್ಯವಾಯಿತು. ಬೆಂಗಳೂರು, ಚಿಕ್ಕಮಗಳೂರು ಧರ್ಮಪ್ರಾಂತ್ಯಗಳು ಮುಂದೆ ಇದೇ ಬೇರಿನಿಂದ ಚಿಗುರಿದವು. ಇದಾವುದನ್ನೂ ಅವರು ಕಾಣಲಿಲ್ಲ.

ಪ್ರಿಯ ಭಕ್ತಬಾಂಧವರೇ, ನೂರು ವರ್ಷಗಳ ಹಿಂದೆ ನಮ್ಮ ದೇವಾಲಯದ ಅಡಿಗಲ್ಲಿಗೆ ಮಣ್ಣು ಹೊತ್ತವರು ಇಂದಿನ ಈ ಹಬ್ಬವನ್ನು ಕಾಣಲಿಲ್ಲ. ನಾವು ಇಂದು ಕಲಿಸುವ ಜಪ, ಕ್ಷಮಿಸುವ ತಪ್ಪು, ಬಡವನ ಮನೆಗೆ ಮುಟ್ಟಿಸುವ ಅನ್ನ, ಇವುಗಳ ಫಲವನ್ನು ನಾವೂ ಕಾಣದೆ ಹೋಗಬಹುದು. ಬಿತ್ತುವುದು ನಮ್ಮ ಪಾಲು. ಬೆಳೆಸುವುದು ದೇವರ ಪಾಲು. ತೊಣ್ಣೂರಿನ ಏರಿಗೆ ಕಲ್ಲು ಹೊತ್ತವರ ಹೆಸರು ನಮಗೆ ತಿಳಿಯದು, ನೀರು ಮಾತ್ರ ಈ ವರ್ಷವೂ ಗದ್ದೆಗೆ ಬೇಕು. ನಮ್ಮ ಲೆಕ್ಕದ ಪುಸ್ತಕವನ್ನು ಈ ಶತಮಾನೋತ್ಸವದ ದಿವ್ಯ ಬಲಿಪೂಜೆಯಲ್ಲಿ ಪೀಠದ ಬಳಿ ಇರಿಸಿ, ಕೂಡಿಸುವ ಕೆಲಸವನ್ನು ಆತನಿಗೆ ಬಿಟ್ಟು, ನಾಳೆಯ ಬಿತ್ತನೆಗೆ ಹೊರಡೋಣ.