ಕಳೆದುಕೊಂಡ ಕಡಲಿಗೇ ಮರಳಿದ ಒಂಟಿ ನಾವಿಕ

1895ರ ಡಿಸೆಂಬರ್ 11. ದಕ್ಷಿಣ ಅಮೆರಿಕದ ಉರುಗ್ವೆ ಕರಾವಳಿಯಲ್ಲಿ ಒಂದು ಚಿಕ್ಕ ಹಾಯಿದೋಣಿ ಮರಳಿನಲ್ಲಿ ಹೂತು ನಿಂತಿತ್ತು. ಎದುರು ಪ್ರವಾಹವನ್ನು ತಪ್ಪಿಸಿಕೊಳ್ಳಲು ದಡಕ್ಕೆ ಒತ್ತಿಕೊಂಡು ದಕ್ಷಿಣಾಭಿಮುಖವಾಗಿ ಸಾಗುತ್ತಿದ್ದ ನಾವಿಕನಿಗೆ ಬೆಳದಿಂಗಳಲ್ಲಿ ಹೊಳೆಯುತ್ತಿದ್ದ ಮರಳ ದಿಬ್ಬಗಳು ಮೋಸ ಮಾಡಿದ್ದವು. ದೋಣಿಯನ್ನು ಆಳದ ನೀರಿಗೆ ಎಳೆದುಕೊಳ್ಳಲು ಲಂಗರನ್ನು ದೂರ ಒಯ್ದು ಹಾಕಬೇಕಿತ್ತು. ಅದನ್ನು ಹೊತ್ತ ಪುಟ್ಟ ಪಾತಿಯೋ ಸೋರುತ್ತಿತ್ತು. ಆತ ಲಂಗರನ್ನು ತಲೆಯ ಮೇಲಕ್ಕೆತ್ತಿ ಎಸೆದ; ಮರುಕ್ಷಣವೇ ಪಾತಿ ಮಗುಚಿತು. ತನಗೆ ಈಜು ಬಾರದೆಂಬುದು ಆತನ ನೆನಪಿಗೆ ಬಂದದ್ದು ಆಗಲೇ. ಮೂರು ಸಲ ನೇರ ಮಾಡಿದರೂ ಮಗುಚಿದ ಪಾತಿ ನಾಲ್ಕನೆಯ ಪ್ರಯತ್ನಕ್ಕೆ ನಿಂತಿತು.

ಐವತ್ತೊಂದರ ಆ ನಾವಿಕನೇ ಜೋಶುವಾ ಸ್ಲೋಕಮ್. ಏಕಾಂಗಿಯಾಗಿ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗನೆಂದು ಇತಿಹಾಸ ಆತನನ್ನು ಗುರುತಿಸುತ್ತದೆ. ಆದರೆ ಆ ಮಹಾಯಾನದ ಅತ್ಯಂತ ಕಠಿಣ ಭಾಗ ದಕ್ಷಿಣ ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಇಳಿದ ಆ ಆರು ತಿಂಗಳೇ ಇರಬೇಕು. ಗಾಳಿ, ಅಲೆಗಳ ಮಾತು ಹಾಗಿರಲಿ. ಬದುಕಿನಲ್ಲಿ ಆತ ಕಳೆದುಕೊಂಡಿದ್ದ ಬಹುತೇಕ ಎಲ್ಲವೂ ಅದೇ ಕರಾವಳಿಯಲ್ಲಿ ಉಳಿದುಹೋಗಿತ್ತು.

ಸ್ಲೋಕಮ್ ಜನಿಸಿದ್ದು 1844ರ ಫೆಬ್ರವರಿ 20ರಂದು, ಕೆನಡಾದ ನೋವಾ ಸ್ಕೋಷಿಯಾದಲ್ಲಿ. ತಂದೆ ಬೂಟು ಹೊಲಿಯುವವ, ಮಹಾ ಕಟ್ಟುನಿಟ್ಟಿನ ಮನುಷ್ಯ. ಮಗ ಆಸೆಯಿಂದ ಕೆತ್ತಿದ ಹಡಗಿನ ಮಾದರಿಯನ್ನು ಕಂಡು ಸಿಟ್ಟಿನಿಂದ ಒಡೆದುಹಾಕಿದ. ಹದಿನಾಲ್ಕನೆಯ ವಯಸ್ಸಿಗೆ ಹುಡುಗ ಮನೆಬಿಟ್ಟು ಮೀನುಗಾರಿಕೆ ದೋಣಿಯೊಂದರಲ್ಲಿ ಅಡುಗೆಯವನಾದ. 1860ರಲ್ಲಿ ತಾಯಿ ತೀರಿಕೊಂಡ ಬಳಿಕ ಕಡಲೇ ಮನೆಯಾಯಿತು. ಮುಂದೆ ದೊಡ್ಡ ಹಾಯಿಹಡಗುಗಳ ಕಪ್ತಾನನಾಗಿ ಬೆಳೆದು, 1871ರ ಜನವರಿಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್‌ಳನ್ನು ವರಿಸಿದ. ಅಲ್ಲಿಂದಾಚೆಗೆ ಆಕೆಯ ಸಂಸಾರ ನಡೆದದ್ದೆಲ್ಲ ಹಡಗಿನ ಮೇಲೆಯೇ. ಹೆತ್ತ ಏಳು ಮಕ್ಕಳಲ್ಲಿ ಉಳಿದವರು ನಾಲ್ವರು.

1884ರ ಜುಲೈ 25ರಂದು, ಅಕ್ವಿಡ್ನೆಕ್ ಎಂಬ ಸ್ವಂತ ಹಡಗು ಬ್ಯೂನಸ್ ಐರಿಸ್ ಬಳಿ ಲಂಗರು ಹಾಕಿದ್ದಾಗ ವರ್ಜೀನಿಯಾ ಕಣ್ಮುಚ್ಚಿದಳು. ಆಕೆಯನ್ನು ಅಲ್ಲೇ ಮಣ್ಣು ಮಾಡಲಾಯಿತು. 1886ರಲ್ಲಿ ಸ್ಲೋಕಮ್ ಸಂಬಂಧಿಕಳಾದ ಹೆನ್ರಿಯೆಟಾಳನ್ನು ಮರುಮದುವೆಯಾದನಾದರೂ ದುರ್ದೆಸೆ ಬೆನ್ನು ಬಿಡಲಿಲ್ಲ. ಹಡಗಿನಲ್ಲಿ ಸಿಡುಬು ಹಬ್ಬಿತು. ತಿರುಗಿಬಿದ್ದ ನಾವಿಕರಲ್ಲಿ ಒಬ್ಬನನ್ನು ಆತನೇ ಗುಂಡಿಕ್ಕಿ ಕೊಂದು, ವಿಚಾರಣೆ ಎದುರಿಸಿ ಖುಲಾಸೆಯಾದ. 1887ರ ಕೊನೆಗೆ ಬ್ರೆಜಿಲ್‌ನ ಪರನಾಗುವಾ ಕೊಲ್ಲಿಯ ಮರಳದಿಣ್ಣೆಗೆ ಬಡಿದು ಅಕ್ವಿಡ್ನೆಕ್ ನಾಶವಾಯಿತು. ಕಪ್ತಾನ ಕೈಚೆಲ್ಲಿ ಕೂರಲಿಲ್ಲ. ಮೂವತ್ತೈದು ಅಡಿಯ ದೋಣಿಯೊಂದನ್ನು ಅಲ್ಲೇ ಕಟ್ಟಿ, ಹೆಂಡತಿ ಹಾಗೂ ಇಬ್ಬರು ಗಂಡುಮಕ್ಕಳೊಂದಿಗೆ ಅಮೆರಿಕಕ್ಕೆ ಮರಳಿದ. ಆ ದೋಣಿ ನೀರಿಗಿಳಿದದ್ದು 1888ರ ಮೇ 13ರಂದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದ ದಿನವೂ ಅದೇ; ಹೀಗಾಗಿ ಸ್ವಾತಂತ್ರ್ಯ ಎಂಬರ್ಥದ ಲಿಬರ್ದಾಜಿ ಎಂಬ ಹೆಸರು. ಹೆನ್ರಿಯೆಟಾ ಮಾತ್ರ ಮತ್ತೆಂದೂ ಆತನೊಡನೆ ಕಡಲಯಾನಕ್ಕೆ ಹೊರಡಲಿಲ್ಲ. ಆಕೆಯನ್ನು ದೂರುವಂತಿಲ್ಲ.

ತಾಯ್ನಾಡಿನ ಬಂದರುಗಳಲ್ಲಿ ಆಗ ಉಗಿಹಡಗುಗಳ ಕಾಲ. ಹಾಯಿಯ ಕಪ್ತಾನರನ್ನು ಕೇಳುವವರಿರಲಿಲ್ಲ. 1892ರಲ್ಲಿ ಹಳೆಯ ತಿಮಿಂಗಿಲ ಬೇಟೆಗಾರ ಎಬೆನ್ ಪಿಯರ್ಸ್ ಹಡಗೊಂದನ್ನು ಕೊಡುವುದಾಗಿ ಹೇಳಿ ಫೇರ್‌ಹೇವನ್‌ಗೆ ಕರೆದೊಯ್ದ. ಅಲ್ಲಿದ್ದದ್ದು ಹೊಲವೊಂದರಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದ, ಕೊಳೆತ ಸ್ಪ್ರೇ ಎಂಬ ದೋಣಿ. ಸ್ಲೋಕಮ್ ಹದಿಮೂರು ತಿಂಗಳು ದುಡಿದು, 553 ಡಾಲರ್ 62 ಸೆಂಟ್ ಖರ್ಚಿನಲ್ಲಿ ಅದರ ಮರವನ್ನೆಲ್ಲ ಬದಲಿಸಿದ. ಉದ್ದ 36 ಅಡಿ 9 ಅಂಗುಲ, ಅಂದರೆ ಹೆಚ್ಚುಕಡಿಮೆ ನಮ್ಮ ನಗರ ಸಾರಿಗೆ ಬಸ್ಸಿನಷ್ಟು. ಈ ನಡುವೆ ಡೆಸ್ಟ್ರಾಯರ್ ಎಂಬ ಯುದ್ಧನೌಕೆಯನ್ನು ಬ್ರೆಜಿಲ್‌ಗೆ ಮುಟ್ಟಿಸಿಕೊಟ್ಟನಾದರೂ ಅದರ ಕೂಲಿ ಕೈಸೇರಲಿಲ್ಲ.

1895ರ ಏಪ್ರಿಲ್ 24ರಂದು ಬಾಸ್ಟನ್‌ನಿಂದ ಹೊರಟ ಸ್ಪ್ರೇ, ಸೂಯೆಜ್ ಮಾರ್ಗವಾಗಿ ಪೂರ್ವಕ್ಕೆ ಸಾಗಬೇಕಿತ್ತು. ಜಿಬ್ರಾಲ್ಟರ್‌ನಲ್ಲಿ ಬ್ರಿಟಿಷ್ ನೌಕಾಧಿಕಾರಿಗಳು ಕಡಲ್ಗಳ್ಳರ ಭಯವಿದೆಯೆಂದು ಎಚ್ಚರಿಸಿದರು. ಸ್ಲೋಕಮ್ ದಿಕ್ಕು ಬದಲಿಸಿ ಮತ್ತೆ ಅಟ್ಲಾಂಟಿಕ್ ದಾಟಿ, ಅಕ್ಟೋಬರ್ 5ಕ್ಕೆ ಬ್ರೆಜಿಲ್‌ನ ಪೆರ್ನಂಬುಕೊ ತಲುಪಿದ. ಬೇಡವೆಂದರೂ ದಾರಿ ಆ ಹಳೆಯ ಕರಾವಳಿಗೇ ತಂದು ನಿಲ್ಲಿಸಿತ್ತು.

ನವೆಂಬರ್ 5ರಂದು ರಿಯೊ ಡಿ ಜನೈರೊ. ಡೆಸ್ಟ್ರಾಯರ್‌ನ ಬಾಕಿಯನ್ನು ಅಲ್ಲಿ ವಿಚಾರಿಸಿದಾಗ, ಬೇಕಿದ್ದರೆ ನೌಕೆಯನ್ನೇ ಒಯ್ಯಬಹುದೆಂಬ ಉತ್ತರ ದೊರೆಯಿತು. ನೌಕೆ ಅಷ್ಟರಲ್ಲಾಗಲೇ ಮುಳುಗಿತ್ತು! ನವೆಂಬರ್ 28ರಂದು ರಿಯೊ ಬಿಟ್ಟ ಸ್ಪ್ರೇ, ಅಕ್ವಿಡ್ನೆಕ್ ಒಡೆದ ಪರನಾಗುವಾದ ಅಕ್ಷಾಂಶವನ್ನು ದಾಟಿ ಉರುಗ್ವೆಯ ಮರಳಿಗೆ ಬಡಿಯಿತು. ಅಲ್ಲಿಂದ ಬಿಡಿಸಿಕೊಂಡು ಮಾಂಟೆವಿಡಿಯೊ ಸೇರಿದಾಗ, ಹಡಗು ಕಂಪನಿಯೊಂದರ ಪ್ರತಿನಿಧಿಗಳು ದೋಣಿಯನ್ನು ಉಚಿತವಾಗಿ ದುರಸ್ತಿ ಮಾಡಿಸಿ, ಮೇಲೆ ಇಪ್ಪತ್ತು ಪೌಂಡ್ ಕೊಟ್ಟರು.

ಮುಂದಿನ ನಿಲುಗಡೆ ಬ್ಯೂನಸ್ ಐರಿಸ್. ವರ್ಜೀನಿಯಾ ಮಲಗಿದ್ದ ಊರು. 1900ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರವಾಸಕಥನದಲ್ಲಿ ಸ್ಲೋಕಮ್ ಆ ನಗರದ ಹಳೆಯ ಪರಿಚಿತರ ಬಗ್ಗೆ ಲಘುವಾಗಿ ಬರೆದಿದ್ದಾನೆ. ಅಲ್ಲಿನ ಸಮಾಧಿಯ ವಿಷಯ ಎತ್ತಿಲ್ಲ. ಇನ್ನೂ ದಕ್ಷಿಣದ ಬಿರುಗಾಳಿಗಳಿಗೆ ಅಣಿಯಾಗಲೆಂದು ಹಾಯಿಕಂಬವನ್ನು ಏಳು ಅಡಿ ಮೊಟಕುಗೊಳಿಸಿದ್ದನ್ನು ಮಾತ್ರ ಮರೆಯದೆ ದಾಖಲಿಸಿದ್ದಾನೆ.

1896ರ ಜನವರಿ 26ರಂದು ಅಲ್ಲಿಂದ ಹೊರಟ. ಪೆಟಗೋನಿಯಾ ಕರಾವಳಿಯಾಚೆ ಒಂದು ದೈತ್ಯ ಅಲೆ ಎದ್ದು ಬಂದಾಗ, ಹಾಯಿಗಳನ್ನು ಇಳಿಸಿ ಹಗ್ಗ ಹಿಡಿದು ಮೇಲಕ್ಕೆ ಹತ್ತಿದ. ಸುಮಾರು ಒಂದು ನಿಮಿಷ ಸ್ಪ್ರೇಯ ಒಡಲು ನೀರಿನಡಿ ಕಾಣದಾಯಿತು. ನಂತರ ನಡುಗುತ್ತ ಮೇಲೆದ್ದಿತು. ಫೆಬ್ರವರಿ 14ಕ್ಕೆ ಮೆಗಲನ್ ಜಲಸಂಧಿಯ ಪುಂಟಾ ಅರೆನಾಸ್. ಅಲ್ಲಿನ ಕಡಲಿನ ಬುಡಕಟ್ಟು ಜನರಿಗೂ ವಲಸಿಗರಿಗೂ ನಡುವೆ ಆಗ ಕಡುಹಗೆ. ಮೊದಲು ಅನ್ಯಾಯಕ್ಕೊಳಗಾದವರು ಬುಡಕಟ್ಟಿನವರೇ ಎಂಬುದನ್ನೂ ಮರೆಯುವಂತಿಲ್ಲ. ಸ್ಯಾಂಬ್ಲಿಕ್ ಎಂಬ ಕಪ್ತಾನ ಸ್ಲೋಕಮ್‌ಗೆ ಒಂದು ಚೀಲ ಸಣ್ಣ ಮೊಳೆಗಳನ್ನು ಕೊಟ್ಟು ಕಳುಹಿಸಿದ.

ಮಾರ್ಚ್ 3ರಂದು ಪೆಸಿಫಿಕ್ ಕಂಡಿತು. ಆದರೆ ಬಿರುಗಾಳಿ ಸ್ಪ್ರೇಯನ್ನು ಕೇಪ್ ಹಾರ್ನ್ ದಿಕ್ಕಿಗೆ ಅಟ್ಟಿತು. ರಾತ್ರಿಯಿಡೀ ಬಂಡೆಗಳ ನಡುವೆ, ನೊರೆಯ ಬಿಳುಪೇ ದೀಪವೆಂಬಂತೆ ಹಾದು, ಆತ ಮತ್ತೆ ಅದೇ ಜಲಸಂಧಿಯೊಳಕ್ಕೆ ಬಂದ. ಮಲಗುವ ಮುನ್ನ ಮೊಳೆಗಳನ್ನು ಮೊನೆ ಮೇಲಾಗಿ ದೋಣಿಯ ಹಲಗೆಯ ಮೇಲೆ ಹರಡಿದ. ನಡುರಾತ್ರಿ ಬರಿಗಾಲಲ್ಲಿ ಹತ್ತಿದವರ ಕೂಗಾಟ ಆತನನ್ನು ಎಚ್ಚರಿಸಿತು. ಮುಕ್ತ ಪೆಸಿಫಿಕ್‌ಗೆ ಕೊನೆಗೂ ದಾಟಿದ್ದು ಏಪ್ರಿಲ್ 13ರಂದು.

ಉಳಿದ ಯಾನ ಇದಕ್ಕೆ ಹೋಲಿಸಿದರೆ ಸರಾಗ. ಸಮೋವಾ, ಆಸ್ಟ್ರೇಲಿಯಾ, ಮಾರಿಷಸ್, ದಕ್ಷಿಣ ಆಫ್ರಿಕಾ ಮಾರ್ಗವಾಗಿ 46,000 ಮೈಲಿ ಕ್ರಮಿಸಿ 1898ರ ಜೂನ್ 27ರಂದು ನ್ಯೂಪೋರ್ಟ್‌ಗೆ ಬಂದ. ಪುಸ್ತಕ ಹೆಸರು ತಂದಿತು. 1902ರಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ತೋಟದ ಮನೆ ಕೊಂಡ, ನೆಲೆ ನಿಲ್ಲಲಾಗಲಿಲ್ಲ. 1906ರಲ್ಲಿ ನ್ಯೂಜೆರ್ಸಿಯಲ್ಲಿ ಬಾಲಕಿಯೊಬ್ಬಳೊಂದಿಗೆ ಅಸಭ್ಯವಾಗಿ ವರ್ತಿಸಿದ ಆರೋಪಕ್ಕೆ ಪ್ರತಿವಾದ ಹೂಡದೆ, 42 ದಿನ ಸೆರೆಯಲ್ಲಿದ್ದು ಹೊರಬಂದ. ಸ್ಲೋಕಮ್‌ನ ಅಭಿಮಾನಿಗಳು ಹೇಳದೆ ದಾಟಿಸಬಯಸುವ ಅಧ್ಯಾಯವಿದು.

ಕಡೆಯ ವರ್ಷಗಳಲ್ಲಿ ಚಳಿಗಾಲ ಬಂತೆಂದರೆ ಸ್ಪ್ರೇ ದಕ್ಷಿಣಕ್ಕೆ ಮುಖ ಮಾಡುತ್ತಿತ್ತು. ದೋಣಿಯೂ ಹಳತಾಗಿತ್ತು, ಒಡೆಯನೂ. 1909ರ ನವೆಂಬರ್‌ನಲ್ಲಿ, ಅರವತ್ತೈದರ ಸ್ಲೋಕಮ್ ವಿನ್ಯಾರ್ಡ್ ಹೇವನ್‌ನಿಂದ ದಕ್ಷಿಣ ಅಮೆರಿಕದ ಒರಿನೊಕೊ ನದಿಯ ಗುರಿಯಿಟ್ಟು ಹೊರಟ. ಎಂದಿನಂತೆ ಒಬ್ಬನೇ. ಆ ಬಳಿಕ ಆತನದಾಗಲಿ ದೋಣಿಯದಾಗಲಿ ಸುಳಿವು ಸಿಗಲಿಲ್ಲ. 1924ರಲ್ಲಿ ನ್ಯಾಯಾಲಯ ಆತ ಮೃತಪಟ್ಟನೆಂದು ಘೋಷಿಸಿ, ದಕ್ಷಿಣಕ್ಕೆ ಹಾಯಿ ಬಿಚ್ಚಿದ ಆ ನವೆಂಬರ್ 14ನ್ನೇ ಮರಣದ ದಿನವೆಂದು ಬರೆದುಕೊಂಡಿತು.