ಐವತ್ತು ವರುಷದ ದಾರಿ: ಆಲೂರು ವೆಂಕಟರಾಯರು

ಪ್ರತಿ ವರುಷ ನವೆಂಬರ 1ರಂದು ನಾವು ರಾಜ್ಯೋತ್ಸವವನ್ನು ಆಚರಿಸುತ್ತೇವೆ. ಹಬ್ಬವು ತಲುಪಿದ ಊರಿನದು. ಅಲ್ಲಿಗೆ ಬಂದ ದಾರಿಯ ನೆನಪು ಹಬ್ಬದ ಗಡಿಬಿಡಿಯಲ್ಲಿ ಹಿಂದೆ ಬೀಳುವುದು ಸಹಜವೇ. ಆ ದಾರಿಯನ್ನು ಬಹುಮಟ್ಟಿಗೆ ಮೊದಲಿನಿಂದ ಕೊನೆಯವರೆಗೆ ನಡೆದ ಹಿರಿಯರೊಬ್ಬರು ಆಗಿಹೋದರು. ಕನ್ನಡಿಗರು ಅವರನ್ನು ಕುಲಪುರೋಹಿತರೆಂದು ಗೌರವಿಸಿದರು. ಆಲೂರು ವೆಂಕಟರಾಯರು ಏನು ಮಾಡಿದರೆಂದು ಮನೆಯ ಮಕ್ಕಳು ಕೇಳಿದರೆ, ಕರ್ನಾಟಕದ ಏಕೀಕರಣಕ್ಕಾಗಿ ದುಡಿದರು ಎಂಬ ಒಂದೇ ಮಾತಿನಲ್ಲಿ ನಾವು ಮುಗಿಸಿಬಿಡುತ್ತೇವೆ. ಆ ಒಂದು ಮಾತಿನೊಳಗೆ ಐವತ್ತು ವರುಷಗಳು ಅಡಗಿವೆ.

ರಾಯರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ಕಾಲೇಜು ಶಿಕ್ಷಣಕ್ಕೆ ಬಂದದ್ದು ನಮ್ಮ ಈ ಪುಣೆಗೆ. ನಾವು ದಿನವೂ ಕಚೇರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಫರ್ಗ್ಯುಸನ್ ಕಾಲೇಜಿನಲ್ಲಿಯೇ ಅವರು ಓದಿದರು. ಟಿಳಕರ ಪ್ರಭಾವವು ತುಂಬಿ ತುಳುಕುತ್ತಿದ್ದ ಕಾಲವದು. ಮರಾಠಿಗರು ತಮ್ಮ ನಾಡಿನ ಇತಿಹಾಸವನ್ನು ಅಭಿಮಾನದಿಂದ ಹೇಳಿಕೊಳ್ಳುವುದನ್ನು ತರುಣ ವೆಂಕಟರಾಯರು ಕಣ್ಣಾರೆ ಕಂಡರು. ಅದನ್ನು ಕಂಡು ಹೊಟ್ಟೆಕಿಚ್ಚುಪಡಲಿಲ್ಲ. ತಮ್ಮವರಿಗೇಕೆ ಆ ಅಭಿಮಾನವಿಲ್ಲವೆಂದು ಚಿಂತಿಸಿದರು. ಪರಭಾಷೆಯ ಊರಿನಲ್ಲಿ ಬಾಳುವ ನಮಗೆ ಇದು ಬಹು ಹತ್ತಿರದ ಸಂಗತಿ. ಮನೆಯ ಬೆಲೆ ಅನೇಕ ಸಲ ಮನೆ ಬಿಟ್ಟು ಬಂದ ಮೇಲೆಯೇ ತಿಳಿಯುತ್ತದಲ್ಲವೆ?

ವಕೀಲಿ ಪರೀಕ್ಷೆಯನ್ನು ಮುಗಿಸಿ ಅವರು ಧಾರವಾಡಕ್ಕೆ ಬಂದು ನೆಲಸಿದರು. ಅದೇ ಹೊತ್ತಿಗೆ, 1905ರಲ್ಲಿ, ಸರಕಾರವು ಬಂಗಾಲವನ್ನು ಎರಡಾಗಿ ಒಡೆಯಿತು. ಎರಡು ಹೋಳಾದದ್ದಕ್ಕೆ ಬಂಗಾಲಿಗಳು ಇಡಿಯ ದೇಶವೇ ನಡುಗುವಂತೆ ಎದ್ದು ನಿಂತರು. ಕನ್ನಡ ನಾಡಾದರೋ ಮುಂಬಯಿ ಇಲಾಖೆ, ಮದರಾಸು ಇಲಾಖೆ, ನಿಜಾಮರ ಹೈದರಾಬಾದು, ಮೈಸೂರು, ಕೊಡಗು, ಇವಲ್ಲದೆ ಹಲವು ಚಿಕ್ಕ ಸಂಸ್ಥಾನಗಳು, ಹೀಗೆ ಎಷ್ಟೋ ಚೂರಾಗಿ ಬಿದ್ದಿತ್ತು. ಅದಕ್ಕೆ ಅಳುವವರೇ ಇರಲಿಲ್ಲ. ರಾಯರ ಏಕೀಕರಣದ ವಿಚಾರಕ್ಕೆ ಇಲ್ಲಿಂದ ಬಲ ಬಂದಿತು.

ವಕೀಲಿ ಹಿಂದೆ ಸರಿಯಿತು. ತಿಂಗಳ ಕೊನೆಗೆ ಪಗಾರವನ್ನೆಣಿಸುವ ನಮ್ಮಂಥ ಬ್ಯಾಂಕಿನ ಗುಮಾಸ್ತರಿಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ. ಬರುವ ಆದಾಯವನ್ನು ಬಿಟ್ಟು, ಬಂದೇ ಬರುವುದೆಂದು ಯಾರೂ ಹೇಳಲಾರದ ಒಂದು ದಿನಕ್ಕಾಗಿ ಬಾಳನ್ನು ತೊಡಗಿಸುವುದು ಯಾವ ಲೆಕ್ಕದ ಪುಸ್ತಕಕ್ಕೂ ಹೊಂದುವ ವ್ಯವಹಾರವಲ್ಲ.

ರಾಯರು ಆ ದಿನಕ್ಕಾಗಿ ಕಾಯುತ್ತ ಕುಳಿತವರಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘದ ಕೆಲಸಕ್ಕೆ ಹೆಗಲು ಕೊಟ್ಟರು. ಅದರ ‘ವಾಗ್ಭೂಷಣ’ ಪತ್ರಿಕೆಯ ಸಂಪಾದಕರಾದರು. ಹಂಪಿಯ ಹಾಳು ಗುಡಿಗಳು ತರುಣ ವಯಸ್ಸಿನಲ್ಲಿಯೇ ಅವರ ಮನಸ್ಸನ್ನು ಕಲಕಿದ್ದವು. 1907ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. ಮುಂದೆ ವರುಷಗಟ್ಟಲೆ ಶಾಸನಗಳನ್ನೂ ಇತಿಹಾಸದ ಗ್ರಂಥಗಳನ್ನೂ ಶೋಧಿಸಿ 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದರು. ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಕೇಶಿ ಕನ್ನಡ ನಾಡಿನ ದೊರೆ, ಎಲ್ಲೋರದ ಕೈಲಾಸನಾಥ ದೇವಾಲಯವನ್ನು ಕಡೆಯಿಸಿದ ರಾಷ್ಟ್ರಕೂಟರು ಕನ್ನಡ ನಾಡಿನವರು ಎಂಬುದನ್ನು ಸಾಮಾನ್ಯ ಓದುಗನಿಗೆ ತಿಳಿಯುವ ಕನ್ನಡದಲ್ಲಿ ಹೇಳಿದ ಗ್ರಂಥವದು. ಇಂದಿನ ಸಂಶೋಧಕರು ಅದರಲ್ಲಿ ತಿದ್ದಬೇಕಾದ ಸಂಗತಿಗಳನ್ನು ತೋರಿಸಬಹುದು, ಉತ್ಸಾಹ ಹೆಚ್ಚಾಯಿತೆನ್ನಲೂಬಹುದು. ಆದರೆ ನಾಡು ಒಂದಾಗುವುದಕ್ಕೆ 39 ವರುಷ ಮೊದಲೇ, ಈ ಪುಸ್ತಕವನ್ನು ಓದಿದವನ ಮನಸ್ಸಿನಲ್ಲಿ ಕರ್ನಾಟಕ ಒಂದಾಗಿಬಿಟ್ಟಿತ್ತು. 1956 ಬಾರದೆ ಹೋಗಿದ್ದರೂ ಈ ಲಾಭ ಎಲ್ಲಿಗೂ ಹೋಗುತ್ತಿರಲಿಲ್ಲ ಎಂದು ನಮಗೆ ತೋರುತ್ತದೆ.

1922ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆಯನ್ನು ಆರಂಭಿಸಿದರು. ಟಿಳಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಅವರೇ. ಇದರಲ್ಲಿ ನಾವು ಗಮನಿಸತಕ್ಕ ಸೊಗಸೊಂದಿದೆ: ಮರಾಠಿಯ ಪ್ರಾಬಲ್ಯದಿಂದ ಕನ್ನಡವನ್ನು ಮೇಲೆತ್ತಲು ಹೊರಟವರು ಮರಾಠಿಯ ಹಿರಿಯ ಗ್ರಂಥವನ್ನು ಆದರದಿಂದ ತಮ್ಮ ಮನೆಗೆ ಕರೆದುಕೊಂಡರು. ಕರ್ನಾಟಕತ್ವವು ಭಾರತೀಯತ್ವಕ್ಕೆ ವಿರೋಧಿಯಲ್ಲ, ಅದರ ಅಂಗವೇ ಎಂಬುದು ಅವರ ದೃಢ ನಂಬಿಕೆಯಾಗಿತ್ತು. 1930ರಲ್ಲಿ ಮೈಸೂರಿನಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ರಾಜಕಾರಣದ ದಾರಿ ಮಾತ್ರ ಏರುಪೇರಿನದು. 1918ರ ಮಾಂಟೆಗ್ಯೂ–ಚೆಲ್ಮ್ಸ್‌ಫರ್ಡ್ ವರದಿ ಭಾಷಾವಾರು ಪ್ರಾಂತಗಳನ್ನು ಒಪ್ಪಲಿಲ್ಲ. 1920ರ ನಾಗಪುರ ಕಾಂಗ್ರೆಸ್ಸು ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತ ಸಮಿತಿಯ ದಾರಿ ತೆರೆಯಿತು. 1924ರ ಬೆಳಗಾವಿ ಅಧಿವೇಶನದಲ್ಲಿ ಉತ್ಸಾಹ ಉಕ್ಕಿತು. 1928ರ ನೆಹರೂ ವರದಿ ಬೇಡಿಕೆಗೆ ಅನುಕೂಲವಾಯಿತು. ಸ್ವಾತಂತ್ರ್ಯ ಬಂದ ಮೇಲಾದರೂ ಕೆಲಸವಾದೀತೆಂದರೆ 1948ರ ಧಾರ್ ಆಯೋಗವು ಭಾಷಾವಾರು ಪ್ರಾಂತ ಬೇಡವೆಂದಿತು. ಆಗ ರಾಯರಿಗೆ 68 ವರುಷ. ಆ ವಯಸ್ಸಿಗೆ ಮನುಷ್ಯನು ಕೋಲೂರಿ ಕುಳಿತರೆ ಯಾರೂ ತಪ್ಪೆನ್ನಲಾರರು. ಅವರು 1950ರಲ್ಲಿ ‘ಕರ್ನಾಟಕತ್ವದ ಸೂತ್ರಗಳು’ ಎಂಬ ಪುಸ್ತಕವನ್ನು ಪ್ರಕಟಿಸಿದರು!

ಕೊನೆಗೆ ಫಜಲ್ ಅಲಿ ಆಯೋಗದ 1955ರ ವರದಿಯ ತರುವಾಯ, 1956ರ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು. ಅಂದು 76 ವರುಷದ ರಾಯರು ಹಂಪಿಗೆ ಹೋಗಿ ವಿರೂಪಾಕ್ಷನ ಗುಡಿಯಲ್ಲಿ ತಾಯಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ತರುಣನ ಮನಸ್ಸು ಕಲಕಿದ ಹಂಪಿಗೆ ಮುದುಕನು ಹರಕೆ ಒಪ್ಪಿಸಲು ಹೋದಂತಾಯಿತು.

ಆದರೂ ತಲುಪಿದ ಊರು ಕನಸಿನ ಊರಿನಷ್ಟೇ ದೊಡ್ಡದಾಗಿರಲಿಲ್ಲ. ಕಾಸರಗೋಡು ಕೇರಳಕ್ಕೆ ಹೋಗಿತ್ತು. ಸೊಲ್ಲಾಪುರ, ಅಕ್ಕಲಕೋಟೆಗಳು ಹೊರಗುಳಿದವು. ನಮ್ಮ ಸಂಘದಲ್ಲಿಯೇ ಆ ಕಡೆಯ ಮನೆತನಗಳೆಷ್ಟಿವೆ! ಹೊಸ ರಾಜ್ಯಕ್ಕೆ ಇಟ್ಟ ಹೆಸರೂ ಮೈಸೂರು ಎಂದೇ. ರಾಯರು ಐವತ್ತು ವರುಷ ಜಪಿಸಿದ ಹೆಸರು ಅದಲ್ಲ. 1964ರ ಫೆಬ್ರವರಿ 25ರಂದು ಅವರು ತೀರಿಕೊಂಡಾಗ ಧಾರವಾಡವು ಮೈಸೂರು ರಾಜ್ಯದ ಊರಾಗಿತ್ತು. ಆ ರಾಜ್ಯವು ಕರ್ನಾಟಕವೆನಿಸಿದ್ದು 1973ರ ನವೆಂಬರ 1ರಂದು.